ಮುಟ್ಟು ನಿಲ್ಲುವ ಮುಂಚೆ ಮೂತ್ರದ ಅವಸರ: ಹಾರ್ಮೋನ್ ಪ್ಯಾಚ್ ಹಾಕಿದರೆ ಅದೂ ಸರಿಹೋಗುತ್ತದಾ?

ನೀಲಿಛತ್ರಿ (ಪ್ರಶ್ನೆ)

ವಯಸ್ಸು 47. ಮುಟ್ಟು ಒಮ್ಮೆ 24 ದಿನಕ್ಕೆ, ಇನ್ನೊಮ್ಮೆ 60 ದಿನ ದಾಟಿ. ಮೈ ಸೆಕೆಯೇರುವುದು, ರಾತ್ರಿ ಬೆವರು ಎರಡೂ ಇವೆ. ಮೂತ್ರದ ಸಂಗತಿ ಹೀಗಿದೆ: ಹಗಲು ಗಂಟೆಗೊಮ್ಮೆ, ರಾತ್ರಿ ಮೂರು ಸಲ. ಬೀಗಕ್ಕೆ ಕೀಲಿ ಹಾಕುವಷ್ಟರಲ್ಲಿ ತಡೆಯಲಾಗದ ಅವಸರ, ಸೀನಿದರೆ ಎರಡು ಹನಿ. ಐದು ತಿಂಗಳಲ್ಲಿ ಎರಡು ಸಲ ಉರಿಮೂತ್ರ, ಎರಡು ಸಲವೂ ಆ್ಯಂಟಿಬಯಾಟಿಕ್. ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ಮಾಡಿಸಿದ್ದು ಒಂದೇ ಸಲ, ಅದರಲ್ಲಿ ಏನೂ ಬೆಳೆದಿಲ್ಲ. ಗರ್ಭಕೋಶ ಇದೆ, ಬಿಪಿ ಸರಿಯಿದೆ, ರಕ್ತ ಹೆಪ್ಪುಗಟ್ಟಿದ್ದಾಗಲಿ ಸ್ತನ ಕ್ಯಾನ್ಸರ್ ಆಗಲಿ ಇಲ್ಲ.

ಸೆಕೆಗೆಂದು ಪ್ಯಾಚ್ ಶುರು ಮಾಡಿದರೆ ಮೂತ್ರಕೋಶವೂ ದಾರಿಗೆ ಬರುತ್ತದಾ? ಯೋನಿಗೆ ಹಚ್ಚುವ ಕ್ರೀಮ್ ಬೇರೆ ಬೇಕಾ? ವೈದ್ಯರ ಹತ್ತಿರ ಹೋಗುವ ಮುಂಚೆ ಏನು ಸಿದ್ಧ ಮಾಡಿಕೊಳ್ಳಬೇಕು?

ಔಷಧಪೆಟ್ಟಿಗೆ

ಸೆಕೆಗೆ ಪ್ಯಾಚ್ ಸರಿ, ಮೂತ್ರಕ್ಕೆಂದು ಪ್ಯಾಚ್ ಬೇಡ. ಹಾರ್ಮೋನ್ ಚಿಕಿತ್ಸೆ ಅನ್ನುವ ಒಂದೇ ಹೆಸರಿನಡಿ ಎರಡು ಬೇರೆ ಸಾಮಾನುಗಳಿವೆ. ಒಂದು ರಕ್ತಕ್ಕೆ ಸೇರಿ ಇಡೀ ಮೈಗೆ ಹೋಗುವ ಮಾತ್ರೆ, ಪ್ಯಾಚ್, ಜೆಲ್. ಇನ್ನೊಂದು ಯೋನಿಯೊಳಗೆ ಇಡುವ ಸಣ್ಣ ಪ್ರಮಾಣದ ಈಸ್ಟ್ರೋಜನ್. ಮೂತ್ರದ ತೊಂದರೆಗೆ ಆಧಾರ ಇರುವುದು ಎರಡನೆಯದಕ್ಕೆ.

ಯೋನಿ, ಮೂತ್ರನಾಳ, ಮೂತ್ರಕೋಶದ ತಳದ ತ್ರಿಕೋನ ಭಾಗ ಮೂರೂ ಈಸ್ಟ್ರೋಜನ್ ನೆಚ್ಚಿಕೊಂಡವು. ಅದು ಇಳಿದಂತೆ ಒಳಪದರ ತೆಳುವಾಗುತ್ತದೆ, ಅದರಲ್ಲಿನ ಗ್ಲೈಕೋಜನ್ ಎಂಬ ಸಕ್ಕರೆಯ ಸಂಗ್ರಹ ಕಡಿಮೆಯಾಗುತ್ತದೆ, ಅದನ್ನೇ ಉಂಡು ಬದುಕುವ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಸೊರಗುತ್ತದೆ. 3.5ರಿಂದ 4.5ರೊಳಗಿದ್ದ ಪಿಎಚ್ 5 ದಾಟುತ್ತದೆ, ಅಂದರೆ ಹುಳಿತನ ಕುಗ್ಗುತ್ತದೆ. ಆಮೇಲೆ ಕರುಳಿನ ಬ್ಯಾಕ್ಟೀರಿಯಾ ಇ. ಕೊಲೈಗೆ ಅಲ್ಲಿ ಬೀಡು ಬಿಡಲು ಅಡ್ಡಿಯೇ ಇರುವುದಿಲ್ಲ. ಋತುಬಂಧ ದಾಟಿದವರಲ್ಲಿ ಪದೇ ಪದೇ ಬರುವ ಸೋಂಕಿಗೆ ಎಸ್ಟ್ರಿಯಾಲ್ (ಒಂದು ಬಗೆಯ ಈಸ್ಟ್ರೋಜನ್) ಕ್ರೀಮ್ ಯೋನಿಗೆ ಕೊಟ್ಟು ನೋಡಿದ ಅಧ್ಯಯನ 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು: ಔಷಧಿಯಿಲ್ಲದ ಕ್ರೀಮ್ ಹಚ್ಚಿದವರಲ್ಲಿ ಒಬ್ಬರಿಗೆ ವರ್ಷಕ್ಕೆ 5.9 ಸಲ ಸೋಂಕು ಬಂದರೆ ಎಸ್ಟ್ರಿಯಾಲ್ ಹಚ್ಚಿದವರಲ್ಲಿ ಅದು 0.5 ಸಲ ಮಾತ್ರ. ಅವಸರಕ್ಕೆ ಲಾಭ ಇಷ್ಟು ದೊಡ್ಡದಲ್ಲ, ಸಾಧಾರಣ. ಸೀನಿದಾಗ ಸೋರುವುದಕ್ಕೆ ಇನ್ನೂ ಕಡಿಮೆ.

ಮಾತ್ರೆಯ ಕತೆ ಉಲ್ಟಾ. ಅಮೆರಿಕದ ದೊಡ್ಡ ಅಧ್ಯಯನ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನ 2005ರ ವರದಿಯಲ್ಲಿ, ಬಾಯಿಗೆ ಕಾಂಜುಗೇಟೆಡ್ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಸೋರಿಕೆ ಹೆಚ್ಚಾಗಿತ್ತು, ಮೊದಲು ಸೋರದವರಲ್ಲೂ. ಅಲ್ಲಿ ಕೊಟ್ಟದ್ದು ಪ್ಯಾಚ್ ಅಲ್ಲ, ವಯಸ್ಸೂ 50ರ ಮೇಲಿನದು. ಹಾಗಾಗಿ ಪ್ಯಾಚ್ ಕೆಡಿಸುತ್ತದೆ ಅನ್ನಲಾಗದು. ಆದರೆ ಅದರಿಂದ ಮೂತ್ರ ಹಿಡಿತಕ್ಕೆ ಬರುತ್ತದೆಂದು ಕಾಯುತ್ತ ಕೂತರೆ ಆರು ತಿಂಗಳು ಸುಮ್ಮನೆ ಹೋಗುತ್ತದೆ.

ಅಳತೆಲೋಟ

ಕ್ರೀಮ್ ಮಾತು ಆಮೇಲೆ. ಅದಕ್ಕೂ ಮುಂಚೆ ಎರಡು ಕೆಲಸ.

ಒಂದು, ಮೂರು ದಿನದ ಮೂತ್ರದ ಡೈರಿ. ಸತತ ಮೂರು ದಿನ ಆಗಬೇಕಿಲ್ಲ, ಆದರೆ ಒಂದೊಂದು ದಿನವೂ ಪೂರ್ತಿ 24 ಗಂಟೆ ಇರಬೇಕು. ಗೆರೆಗಳಿರುವ ಜಗ್ ಒಂದನ್ನು ಶೌಚಾಲಯದಲ್ಲೇ ಇಡಿ. ಹೊತ್ತು, ಎಷ್ಟು ಮಿ.ಲೀ., ಅವಸರ ಇತ್ತೋ ಇಲ್ಲವೋ, ಸೋರಿತೋ, ಏನು ಎಷ್ಟು ಕುಡಿದಿರಿ, ಇಷ್ಟು ಬರೆದರೆ ಸಾಕು. ರಾತ್ರಿಯ ಸಾಲಿನಲ್ಲಿ ಮಾತ್ರ ಇನ್ನೊಂದು ಕಾಲಮ್: ಎಚ್ಚರವಾದದ್ದು ಬೆವರಿಗೋ, ಮೂತ್ರಕ್ಕೋ? ಎಷ್ಟೋ ಸಲ ಸೆಕೆಗೆ ಎಚ್ಚರವಾಗುತ್ತದೆ, ಎಚ್ಚರವಾದ ಮೇಲೆ ಹೇಗೂ ಹೋಗಿ ಬರುವುದು. ಅಂಥ ರಾತ್ರಿಗಳಿಗೆ ಪ್ಯಾಚ್ ನಿಜಕ್ಕೂ ನೆರವಾಗುತ್ತದೆ, ಅಷ್ಟರಮಟ್ಟಿಗೆ ಮೇಲಿನ ಮಾತಿಗೆ ನನ್ನ ತಕರಾರಿದೆ.

ಡೈರಿ ಓದುವುದು ಹೀಗೆ. ಮೂತ್ರಕೋಶ ಆರಾಮಾಗಿ 300ರಿಂದ 500 ಮಿ.ಲೀ. ಹಿಡಿಯುತ್ತದೆ. ಪ್ರತಿ ಸಲ 100, 120 ಬಂದು ಗಂಟೆಗೊಮ್ಮೆ ಓಡುತ್ತಿದ್ದರೆ ಅದು ಅತಿಚುರುಕಿನ ಮೂತ್ರಕೋಶ ಅಥವಾ ‘ಯಾವುದಕ್ಕೂ ಒಮ್ಮೆ ಹೋಗಿಬಿಡೋಣ’ ಅನ್ನುವ ಚಾಳಿ. ಪ್ರತಿ ಸಲ 350 ಬಂದು ದಿನದ ಲೆಕ್ಕ 3 ಲೀಟರ್ ಆದರೆ ಮೂತ್ರಕೋಶದ ತಪ್ಪಿಲ್ಲ: ನೀರು ಹೆಚ್ಚಾಗಿದೆ, ಇಲ್ಲವೇ ಸಕ್ಕರೆ ಏರಿದೆ. ರಾತ್ರಿಯ ಪಾಲಿಗೆ ಬೆಳಗಿನ ಮೊದಲ ಮೂತ್ರವನ್ನೂ ಸೇರಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಆ ಪಾಲು ದಿನದ ಮೂರನೇ ಒಂದನ್ನು ದಾಟಿದರೆ ಸಂಜೆ ಕುಡಿಯುವುದು, ಕಾಲಿನ ಊತ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇವುಗಳತ್ತ ನೋಡಬೇಕು.

ಎರಡು, ಕಲ್ಚರ್. ಆ್ಯಂಟಿಬಯಾಟಿಕ್ ಶುರುವಾದ ಮೇಲೆ ಕೊಟ್ಟ ಮೂತ್ರದಲ್ಲಿ ಏನೂ ಬೆಳೆಯದಿದ್ದರೆ ಅದರಿಂದ ಏನೂ ತೀರ್ಮಾನಿಸಲಾಗದು. ಮುಂದಿನ ಸಲ ಉರಿ ಬಂದಾಗ ಮೊದಲು ಸ್ಯಾಂಪಲ್, ಆಮೇಲೆ ಔಷಧಿ. ಯೋನಿಯ ತುಟಿಗಳನ್ನು ಬಿಡಿಸಿ ಹಿಡಿದು, ಮೊದಲ ಧಾರೆ ಬಿಟ್ಟು, ನಡುವಿನದ್ದು ಹಿಡಿಯಿರಿ. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಆಗದಿದ್ದರೆ ಫ್ರಿಜ್. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸೋಂಕು ಆದರೆ ‘ಮರುಕಳಿಸುವ ಸೋಂಕು’ ಎನ್ನುತ್ತಾರೆ, ಅದಕ್ಕೆ ಕಲ್ಚರ್‌ನ ಸಾಕ್ಷಿ ಬೇಕು. ಒಳಪದರ ಒಣಗಿದ್ದರೆ ಸೋಂಕಿಲ್ಲದೆಯೂ ಉರಿಯುತ್ತದೆ. ಆ ಉರಿಗೆ ಆ್ಯಂಟಿಬಯಾಟಿಕ್ ಕೊಟ್ಟರೆ ಅಳಿದುಳಿದ ಲ್ಯಾಕ್ಟೊಬ್ಯಾಸಿಲಸ್ಸೂ ಹೋಗುತ್ತದೆ.

ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ, ಸಕ್ಕರೆಗೆ ಡಪಾಗ್ಲಿಫ್ಲೋಜಿನ್ ತರಹದ್ದು (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ) ನಡೆಯುತ್ತಿದ್ದರೆ ಅದನ್ನೂ ಬರೆದುಕೊಳ್ಳಿ.

ಬಿಗಿಹಿಡಿತ

ವ್ಯಾಯಾಮದ ಭಾಗ ನನಗಿರಲಿ, ಇದರಲ್ಲಿ ತಪ್ಪು ಮಾಡುವವರೇ ಹೆಚ್ಚು.

ಸೀನಿದಾಗ ಸೋರುವುದಕ್ಕೆ ಪೆಲ್ವಿಕ್ ಫ್ಲೋರ್ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ) ಸ್ನಾಯುಗಳ ಅಭ್ಯಾಸವೇ ಮೊದಲ ಮದ್ದು. ಗಾಳಿ ಹೋಗದಂತೆ ತಡೆಯುವ ಹಾಗೆ ಹಿಂದಿನಿಂದ ಶುರು ಮಾಡಿ, ಮುಂದಕ್ಕೆ ತಂದು, ಮೇಲಕ್ಕೆ ಎಳೆದುಕೊಳ್ಳಬೇಕು. ಹಿಡಿದಷ್ಟೇ ಹೊತ್ತು ಸಡಿಲ ಬಿಡಬೇಕು. ಮೊದಲ ವಾರ 3 ಸೆಕೆಂಡ್ ಸಾಕು, ನಿಧಾನ 10ಕ್ಕೆ ಏರಿಸಿ. ಒಂದು ಸರದಿಗೆ ಕನಿಷ್ಠ 8, ದಿನಕ್ಕೆ ಮೂರು ಸರದಿ, ಮೂರು ತಿಂಗಳು. ಉಸಿರು ಕಟ್ಟಿದರೆ, ಪಿರ್ರೆ ಬಿಗಿದರೆ ಲೆಕ್ಕಕ್ಕಿಲ್ಲ. ಎಳೆಯುವ ಬದಲು ಕೆಳಕ್ಕೆ ಮುಕ್ಕರಿದರಂತೂ ನಷ್ಟವೇ. ಬೆರಳು ಒಳಗಿಟ್ಟು ನೋಡಿ: ಬೆರಳನ್ನು ಮೇಲಕ್ಕೆ ಹಿಡಿದೆಳೆದಂತಾದರೆ ಸರಿ, ಹೊರಕ್ಕೆ ತಳ್ಳಿದಂತಾದರೆ ತಪ್ಪು. ಮೂತ್ರ ಮಾಡುತ್ತಾ ನಡುವೆ ನಿಲ್ಲಿಸುವುದನ್ನೇ ವ್ಯಾಯಾಮ ಮಾಡಿಕೊಳ್ಳಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ಸೀನು ಬರುವ ಮುಂಚಿನ ಆ ಅರೆಕ್ಷಣದಲ್ಲಿ ಒಮ್ಮೆ ಬಿಗಿಹಿಡಿಯುವುದನ್ನು ರೂಢಿ ಮಾಡಿಕೊಂಡರೆ ಎರಡು ಹನಿ ನಿಲ್ಲುವುದಕ್ಕೆ ಮೂರು ತಿಂಗಳು ಕಾಯಬೇಕಾಗಿಯೂ ಇಲ್ಲ.

ಬಾಗಿಲ ಬಳಿಯ ಅವಸರಕ್ಕೆ ಬೇರೆ ತಂತ್ರ. ಓಡಬೇಡಿ, ಓಡಿದರೆ ಹೊಟ್ಟೆಯ ಒತ್ತಡ ಏರುತ್ತದೆ, ಮಿದುಳಿಗೂ ‘ಸಮಯ ಬಂತು’ ಅನ್ನುವ ಸೂಚನೆ. ನಿಂತಲ್ಲೇ ನಿಂತು ಐದಾರು ಚುರುಕು ಹಿಡಿತ ಹಾಕಿ, ಅಲೆ ಇಳಿಯುವವರೆಗೆ ಕಾದು, ಆಮೇಲೆ ನಡೆದು ಹೋಗಿ. ಡೈರಿಯಲ್ಲಿ ಅಂತರ 60 ನಿಮಿಷ ಇದ್ದರೆ ವಾರಕ್ಕೆ 15 ನಿಮಿಷದಂತೆ ಹಿಗ್ಗಿಸುತ್ತಾ ಮೂರು ಗಂಟೆ ಮುಟ್ಟಬೇಕು. ಆರು ವಾರಕ್ಕೆ ಮುಂಚೆ ‘ಆಗಲಿಲ್ಲ’ ಅನ್ನಬೇಡಿ. ಕಾಫಿ, ಟೀ ಒಮ್ಮೆಲೇ ಬಿಟ್ಟರೆ ತಲೆನೋವು, ಎರಡು ವಾರದಲ್ಲಿ ಇಳಿಸಿ. ನೀರು ಬಿಡಬೇಡಿ: ಗಾಢ ಮೂತ್ರ ಇನ್ನಷ್ಟು ಕೆರಳಿಸುತ್ತದೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಪಡಿಸಿ.

ನೀಲಿಛತ್ರಿ

ಡೈರಿ ಇವತ್ತಿನಿಂದಲೇ. ಒಣಗಿದ ಉರಿ ಇದೆ, ಹಾಗಾಗಿ ಕ್ರೀಮ್ ಕೇಳುವವಳೇ. ಆದರೆ ಡಬ್ಬದೊಳಗಿನ ಚೀಟಿ ಓದಿದರೆ ಪಾರ್ಶ್ವವಾಯು, ಕ್ಯಾನ್ಸರ್ ಎಲ್ಲ ಇದೆ. ಹಚ್ಚುವುದು ಹೇಗೆ? ಪ್ಯಾಚ್ ಜೊತೆಗೂ ಇಡಬಹುದಾ?

ಔಷಧಪೆಟ್ಟಿಗೆ

ಚೀಟಿಯ ಎಚ್ಚರಿಕೆ ಇಡೀ ಮೈಗೆ ಹೋಗುವ ಈಸ್ಟ್ರೋಜನ್‌ಗೆಂದು ಬರೆದದ್ದು, ಅದನ್ನೇ ಇದಕ್ಕೂ ಅಂಟಿಸಿದ್ದಾರೆ. ಲೆಕ್ಕ ಹಾಕಿ ನೋಡಿ: ಎಸ್ಟ್ರಡಯಾಲ್ (ಇನ್ನೊಂದು ಬಗೆಯ ಈಸ್ಟ್ರೋಜನ್) 10 ಮೈಕ್ರೋಗ್ರಾಂ ಇರುವ ಯೋನಿ ಮಾತ್ರೆ ಎರಡು ವಾರ ದಿನಾ, ಆಮೇಲೆ ವಾರಕ್ಕೆರಡು. ಮೊದಲ ವರ್ಷಕ್ಕೆ ಒಟ್ಟು 114 ಮಾತ್ರೆ, ಅಂದರೆ 1.14 ಮಿ.ಗ್ರಾಂ. ಬಾಯಿಗೆ ನುಂಗುವ ಎಸ್ಟ್ರಡಯಾಲ್‌ನ ಒಂದು ಮಾತ್ರೆಯಲ್ಲೇ 1 ಮಿ.ಗ್ರಾಂ ಇರುತ್ತದೆ. ಆದ್ದರಿಂದಲೇ ಇದೊಂದಕ್ಕೇ ಪ್ರೊಜೆಸ್ಟರಾನ್ (ಈಸ್ಟ್ರೋಜನ್‌ನಿಂದ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯದಂತೆ ತಡೆಯುವ ಹಾರ್ಮೋನ್) ಜೊತೆ ಬೇಕಿಲ್ಲ, ಪ್ಯಾಚ್ ಇದ್ದರೂ ಇದನ್ನು ಇಡಬಹುದು. ಸ್ತನ ಕ್ಯಾನ್ಸರ್ ಆಗಿ ಅರೊಮಟೇಸ್ ತಡೆಯುವ (ಮೈಯಲ್ಲಿ ಈಸ್ಟ್ರೋಜನ್ ತಯಾರಾಗದಂತೆ ಮಾಡುವ) ಮಾತ್ರೆಯಲ್ಲಿರುವವರು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳದೆ ಮುಟ್ಟಬಾರದು.

ಎಸ್ಟ್ರಿಯಾಲ್ ಕ್ರೀಮ್ 0.1%ದ್ದಾದರೆ ಒಂದು ಸಲಕ್ಕೆ ಅರ್ಧ ಗ್ರಾಂ. ಎರಡು ಮೂರು ವಾರ ದಿನಾ ರಾತ್ರಿ, ಬಳಿಕ ವಾರಕ್ಕೆರಡು. ಮೂತ್ರನಾಳ ಯೋನಿಯ ಮುಂಗೋಡೆಗೆ ಒತ್ತಿಕೊಂಡೇ ಇದೆ, ಅದಕ್ಕೇ ಅಪ್ಲಿಕೇಟರ್ ಅನ್ನು ತೀರಾ ಆಳಕ್ಕೆ ತಳ್ಳುವ ಅಗತ್ಯವಿಲ್ಲ. ತುದಿಯಲ್ಲಿ ಉಳಿದದ್ದನ್ನು ಬೆರಳಿನಿಂದ ಮೂತ್ರದ್ವಾರದ ಸುತ್ತ ಸವರಿ. ಮೊದಲ ವಾರ ಚುರುಗುಟ್ಟಬಹುದು, ಚರ್ಮ ದಪ್ಪವಾದಂತೆ ನಿಲ್ಲುತ್ತದೆ. ಹೆಚ್ಚಿನವರು ಎರಡು ಕಡೆ ಎಡವುತ್ತಾರೆ: ಮೂರನೇ ವಾರಕ್ಕೇ ಕೈಬಿಡುವುದು, ಇಲ್ಲವೇ ಗುಣವಾಯಿತೆಂದು ನಿಲ್ಲಿಸುವುದು. ಪೂರ್ಣ ಪರಿಣಾಮಕ್ಕೆ 12 ವಾರ ಬೇಕು, ನಿಲ್ಲಿಸಿದರೆ ಕೆಲ ತಿಂಗಳಲ್ಲಿ ಹಿಂದಿನ ಸ್ಥಿತಿಯೇ.

ಪ್ಯಾಚ್ ವಿಷಯ ಬೇರೆ. ಗರ್ಭಕೋಶ ಇರುವುದರಿಂದ ಪ್ರೊಜೆಸ್ಟರಾನ್ ಬಿಡುವಂತಿಲ್ಲ. ಮುಟ್ಟು ಇನ್ನೂ ಬರುತ್ತಿರುವಾಗ ಸಾಮಾನ್ಯವಾಗಿ ತಿಂಗಳಿಗೆ 12ರಿಂದ 14 ರಾತ್ರಿ 200 ಮಿ.ಗ್ರಾಂ. ಮಂಪರು ಬರುತ್ತದೆ, ಆದ್ದರಿಂದ ಮಲಗುವಾಗಲೇ. ಇದು ಗರ್ಭನಿರೋಧಕ ಅಲ್ಲ, ನೆನಪಿರಲಿ. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ ಮೊದಲು ಅದರ ತಪಾಸಣೆ. ಎಫ್‌ಎಸ್‌ಎಚ್ (ಋತುಬಂಧ ಗುರುತಿಸಲೆಂದು ರಕ್ತದಲ್ಲಿ ಅಳೆಯುವ ಹಾರ್ಮೋನ್) ಪರೀಕ್ಷೆಗೆ ದುಡ್ಡು ಸುರಿಯಬೇಡಿ, ಈ ಹಂತದಲ್ಲಿ ಅದು ವಾರಕ್ಕೊಂದು ಮಾತಾಡುತ್ತದೆ.

ಅಳತೆಲೋಟ

ಬಿಟ್ಟುಹೋದದ್ದು: ಕಣ್ಣಿಗೆ ಕಾಣುವ ರಕ್ತ ಮೂತ್ರದಲ್ಲಿ ಬಂದರೆ, ಚಳಿಜ್ವರದ ಜೊತೆ ಪಕ್ಕೆ ನೋವು ಬಂದರೆ, ಮೂತ್ರ ಕಟ್ಟಿದರೆ, ಯೋನಿಯಲ್ಲಿ ಗಡ್ಡೆ ಇಳಿದಂತೆ ಅನ್ನಿಸಿದರೆ ಡೈರಿ ಬರೆಯುತ್ತಾ ಕೂರಬಾರದು. ಕೂರುವ ಭಾಗ ಮರಗಟ್ಟಿ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ತುರ್ತು ಚಿಕಿತ್ಸೆ.

12 ವಾರದ ಬಳಿಕವೂ ಅವಸರ ಉಳಿದರೆ ಮಾತ್ರೆಯ ಮಾತು. ಆಕ್ಸಿಬ್ಯುಟಿನಿನ್, ಸೋಲಿಫೆನಸಿನ್ ಬಾಯಿ ಒಣಗಿಸುತ್ತವೆ, ಮಲ ಕಟ್ಟಿಸುತ್ತವೆ. ಮಿರಾಬೆಗ್ರಾನ್‌ಗೆ ಆ ಕಾಟ ಕಡಿಮೆ, ಆದರೆ ಬಿಪಿ ಅಳೆಯುತ್ತಿರಬೇಕು. ಯಾವುದಕ್ಕೂ ನಾಲ್ಕು ವಾರ ಕೊಡಿ. ಆ ಹೊತ್ತಿಗೆ ಇನ್ನೊಮ್ಮೆ ಮೂರು ದಿನ ಜಗ್ ಹಿಡಿದು, ಮೊದಲ ಹಾಳೆಯ ಪಕ್ಕ ಇಟ್ಟುಕೊಂಡು ಹೋಗಿ: ಒಂದು ಸಲದ ಅತಿ ಹೆಚ್ಚಿನ ಮಿ.ಲೀ., ಹಗಲಿನ ಸರದಿ, ಮೂತ್ರಕ್ಕೇ ಎದ್ದ ರಾತ್ರಿಗಳು. ವೈದ್ಯರು ಮೊದಲು ಕೇಳುವುದು ಆ ಮೂರನ್ನೇ.