ಸಹಾಯ ಬೇಕು: ತರಾವಾ ಹಡಗಿನ ವೆಲ್ ಡೆಕ್ ನಡುಗೋಡೆ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸೈನಿಕರನ್ನು ದಡಕ್ಕೆ ಇಳಿಸಲು ಕಟ್ಟಿದ್ದ, ಅಮೆರಿಕ ನೌಕಾಪಡೆಯ ತರಾವಾ ವರ್ಗದ ಹಡಗಿನ ಮಾಡೆಲ್ ಮಾಡುತ್ತಿದ್ದೇನೆ. ಈ ವರ್ಗದಲ್ಲಿ ಇದ್ದದ್ದು ಐದೇ ಹಡಗು. ಕೊನೆಯದು, ಪೆಲೆಲಿಯು, 2015ರಲ್ಲಿ ನಿವೃತ್ತಿಯಾಯಿತು. ಮೇಲಿನ ಹೆಲಿಕಾಪ್ಟರ್ ಡೆಕ್ ಮುಗಿದಿದೆ, ಚೆನ್ನಾಗೇ ಬಂದಿದೆ.

ಸಿಕ್ಕಿಹಾಕಿಕೊಂಡಿರೋದು ಹಿಂಭಾಗದಲ್ಲಿ. ಟ್ಯಾಂಕುಗಳಿಗೆ ನೀರು ತುಂಬಿಸಿ ಹಡಗಿನ ಹಿಂಭಾಗ ತಗ್ಗಿಸಿದರೆ ವೆಲ್ ಡೆಕ್ ಒಳಗೆ, ಅಂದರೆ ದೋಣಿಗಳನ್ನು ಇಡುವ ಹಿಂಭಾಗದ ಅಂಗಳದೊಳಗೆ, ಸಮುದ್ರದ ನೀರು ಬರುತ್ತೆ. ಸೈನಿಕರ ದೋಣಿಗಳು ತೇಲಿಕೊಂಡೇ ಹೊರಗೆ ಹೋಗುತ್ತವೆ. ಎಂಥಾ ಯೋಚನೆ ಅಲ್ವಾ! ಈ ಜಾಗ ಸುಮಾರು 268 ಅಡಿ ಉದ್ದ, 78 ಅಡಿ ಅಗಲ. ಸೈನಿಕರನ್ನೂ ವಾಹನಗಳನ್ನೂ ದಡಕ್ಕೆ ಒಯ್ಯುವ ಎಲ್‌ಸಿಯು ದೋಣಿ ನಾಲ್ಕು ಹಿಡಿಸುತ್ತಿದ್ದವು. ಆದರೆ ನೀರಿನ ಮೇಲೆ ಗಾಳಿಯ ಮೆತ್ತೆಯಲ್ಲಿ ತೇಲಿ ಓಡುವ ಎಲ್‌ಸಿಎಸಿ ದೋಣಿ ಮಾತ್ರ ಒಂದೇ ಒಂದು! ನಂತರ ಬಂದ ವಾಸ್ಪ್ ವರ್ಗದಲ್ಲಿ ಅಗಲ ಕಮ್ಮಿ, ಆದರೂ ಮೂರು ಹಿಡಿಸುತ್ತವೆ. ತರಾವಾದ ವೆಲ್ ಡೆಕ್ ನಡುವೆ ಇದ್ದ ಗೋಡೆಯೇ ಇದಕ್ಕೆ ಕಾರಣ ಅಂತ ಓದಿದೆ.

ಫೋಟೋಗಳನ್ನು ಜಾಲಾಡಿದೆ. ಬಾಗಿಲ ಹತ್ತಿರದವು ಸ್ಪಷ್ಟವಾಗಿವೆ, ಒಳಗಿನವು ಬರೀ ಕತ್ತಲೆ. ರೇಖಾಚಿತ್ರಗಳಲ್ಲಿ ಡೆಕ್‌ನ ಹೊರಗೆರೆ ಬಿಟ್ಟರೆ ಏನೂ ಇಲ್ಲ.

ನೌಕಾಪಡೆಯಲ್ಲಿದ್ದವರು, ಹಡಗಿನ ಮಾಡೆಲ್ ಮಾಡುವವರು ದಯವಿಟ್ಟು ಹೇಳಿ: ಆ ನಡುಗೋಡೆ ಬಾಗಿಲಿನಿಂದ ಎಷ್ಟು ಒಳಗೆ ಶುರುವಾಗುತ್ತೆ? ಚಾವಣಿ ಮುಟ್ಟುತ್ತಾ, ಅರ್ಧಕ್ಕೇ ನಿಲ್ಲುತ್ತಾ?