ಎರಡೂಕಾಲು ಕ್ರೋಮ್ ಉಕ್ಕು ಪೆಡಸಾಗಿದೆಯಾ? ಸ್ಮಾಲ್ ಪಂಚ್ ಟೆಸ್ಟ್ ನಂಬಬಹುದಾ?

ಭೋಸರಿ ಹುಡುಗ:
ನಮಸ್ಕಾರ. ಊರು ಗದಗ, ಕೆಲಸ ಪುಣೆಯ ಭೋಸರಿಯ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ. ಮುಂಬೈ ಕಡೆಯ ಗಿರಾಕಿಯೊಬ್ಬರ ಹಳೇ ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ ಉಕ್ಕಿನ ಪಾತ್ರೆ) ಇದೆ. ಉಕ್ಕಿನಲ್ಲಿ ಶೇಕಡಾ ಎರಡೂಕಾಲು ಕ್ರೋಮ್, ಶೇಕಡಾ ಒಂದು ಮಾಲಿಬ್ಡಿನಂ. ವರ್ಷಗಟ್ಟಲೆ 420 ಡಿಗ್ರಿ ಆಸುಪಾಸಿನಲ್ಲಿ ಓಡಿದೆ. ಪೆಡಸಾಗಿದೆಯಾ, ಅಂದರೆ ಬಾಗದೆ ಫಟ್ಟನೆ ಒಡೆಯುವಂತಾಗಿದೆಯಾ ಅಂತ ನೋಡಬೇಕು. ಚಾರ್ಪಿಗೆ (ನಾಚ್, ಅಂದರೆ ಕಚ್ಚು, ಕೊರೆದ ತುಂಡನ್ನು ತೂಗುವ ಸುತ್ತಿಗೆಯಿಂದ ಹೊಡೆದು ಮುರಿಯುವ ಟೆಸ್ಟ್) 55 ಮಿ.ಮೀ. ಉದ್ದದ ತುಂಡುಗಳು ಬೇಕು, ಗೋಡೆ ಕೊಯ್ಯೋಕೆ ಯಾರು ಬಿಡ್ತಾರೆ? ಹೊರಮೈಯಿಂದ ಕೆತ್ತಿ ತೆಗೆದ ಚೂರಲ್ಲಿ 8 ಮಿ.ಮೀ. ಅಗಲ, ಅರ್ಧ ಮಿ.ಮೀ. ದಪ್ಪದ ಬಿಲ್ಲೆಗಳನ್ನು ಮಾಡಬಹುದು. ಸ್ಮಾಲ್ ಪಂಚ್‌ನಲ್ಲಿ (ಬಿಲ್ಲೆಯನ್ನು ಸಣ್ಣ ಗುಂಡಿನಿಂದ ಒತ್ತಿ ಒಡೆಯುವ ಟೆಸ್ಟ್) ಬಂದ, ಉಕ್ಕು ಜಿಗುಟುತನ ಬಿಟ್ಟು ಪೆಡಸಾಗುವ ಉಷ್ಣತೆಯನ್ನು 0.4ರಿಂದ ಭಾಗಿಸಿದರೆ ಚಾರ್ಪಿಯದು ಸಿಗುತ್ತದೆ ಅಂತಾರೆ ನಮ್ಮ ಬಾಸ್. ಅಷ್ಟೇನಾ?

ಚೆಂಬೂರು ಮಾಮ:
ಭಾಗಾಕಾರ ಎಲ್ಲರಿಗೂ ಬರುತ್ತೆ ತಮ್ಮಾ. ಮೊದಲು ಅದನ್ನು ಕೆಲ್ವಿನ್‌ನಲ್ಲಿ ಮಾಡು. ಚಾರ್ಪಿಯಲ್ಲಿ 20 ಡಿಗ್ರಿಗೆ ಪೆಡಸಾಗುವ ಉಕ್ಕು ಅಂದರೆ 293 ಕೆಲ್ವಿನ್. ಅದರ 0.4 ಪಾಲು 117, ಅಂದರೆ ಮೈನಸ್ 156 ಡಿಗ್ರಿ. ಬಿಲ್ಲೆಯಲ್ಲಿ ನಾಚ್ ಇಲ್ಲ, ತೆಳು ಬೇರೆ, ಗುಂಡು ನಿಧಾನಕ್ಕೆ ಒತ್ತುತ್ತದೆ. ಅಷ್ಟು ತಣ್ಣಗಾಗದೆ ಅದು ಪೆಡಸುತನ ತೋರಿಸುವುದಿಲ್ಲ. ದ್ರವ ಸಾರಜನಕ ಬೇಕೇ ಬೇಕು.

ತೊಡಕು ಇರೋದು ಇಲ್ಲಿ. ಚಾರ್ಪಿಯಲ್ಲಿ 50 ಡಿಗ್ರಿ ಸರಿದಿದ್ದರೆ ಬಿಲ್ಲೆಯಲ್ಲಿ ಕಾಣೋದು 20 ಮಾತ್ರ. ನಿನ್ನ ಥರ್ಮೋಕಪಲ್ 4 ಡಿಗ್ರಿ ತಪ್ಪು ತೋರಿಸಿದರೆ ರಿಪೋರ್ಟಿನಲ್ಲಿ 10 ಡಿಗ್ರಿ ತಪ್ಪು. ಅದೂ ಅಲ್ಲದೆ ಆ 0.4 ಎಲ್ಲಾ ಉಕ್ಕಿಗೂ ಒಂದೇ ಅಲ್ಲ.

ಹಳೇ ರಿಯಾಕ್ಟರುಗಳಲ್ಲಿ ಕೆಲವಕ್ಕೆ ಒಳಗೇ ಟೆಸ್ಟ್ ಬ್ಲಾಕ್ (ಮುಂದೆ ಪರೀಕ್ಷಿಸಲೆಂದು ಅದೇ ಉಕ್ಕಿನ ತುಂಡು) ಇಟ್ಟಿರುತ್ತಾರೆ. ಕೇಳಿ ನೋಡು. ಸಿಕ್ಕರೆ ಅದರಲ್ಲೇ ಚಾರ್ಪಿ, ಬಿಲ್ಲೆ ಎರಡೂ ಮಾಡಿ 0.4ರ ಬದಲು ನಿನ್ನದೇ ಗುಣಕ ಹಾಕಿಕೋ. ಇನ್ನೊಂದು ದಾರಿ: ಚೂರಿನಲ್ಲಿ ಅರ್ಧ ಭಾಗವನ್ನು 600 ಡಿಗ್ರಿ ದಾಟಿಸಿ ಸ್ವಲ್ಪ ಹೊತ್ತು ಕಾಯಿಸಿ, ಬೇಗ ತಣಿಸು. ಕಣಗಳ ಅಂಚಿಗೆ ಹೋಗಿ ಕೂತ ರಂಜಕ ಚದುರಿ, ವರ್ಷಗಟ್ಟಲೆ ಬಿಸಿಯಲ್ಲಿದ್ದು ಬಂದ ಪೆಡಸುತನ (ಟೆಂಪರ್ ಪೆಡಸುತನ) ಇಳಿಯುತ್ತದೆ. ಉಕ್ಕು ತಯಾರಿಸುವಾಗ ಹದಕ್ಕೆ ಕಾಯಿಸಿದ ಮೊದಲ ಟೆಂಪರಿಂಗ್ ಉಷ್ಣತೆ ಮಾತ್ರ ಮೀರಬೇಡ. ಕಾಯಿಸಿದ ಬಿಲ್ಲೆಗೂ ಕಾಯಿಸದ ಬಿಲ್ಲೆಗೂ ಎಷ್ಟು ವ್ಯತ್ಯಾಸ ಅಂತ ನೋಡು. ನನ್ನ ಕೇಳಿದರೆ 0.4ಕ್ಕಿಂತ ಇದೇ ಜಾಸ್ತಿ ನಂಬಿಕೆಯ ಮಾತು.

ಒಡೆದ ಬಿಲ್ಲೆಗಳನ್ನು ಎಸೀಬೇಡ. ಉಕ್ಕು ಜಿಗುಟಾಗಿದ್ದರೆ ಬಿರುಕು, ಗುಂಡು ಒತ್ತಿ ಉಬ್ಬಿದ ಗುಮ್ಮಟದ ಸುತ್ತ ಬಳೆಯ ಹಾಗೆ ಹೋಗುತ್ತದೆ. ಪೆಡಸಾಗಿದ್ದರೆ ನಡುವಿನಿಂದ ನಕ್ಷತ್ರದ ಹಾಗೆ ಸೀಳುತ್ತದೆ.

ವಾಶಿ ವೆಲ್ಡರ್:
ಮಾಮ ಹೇಳಿದ್ದು ಸರಿ. ಬರೀ ಪ್ಲೇಟಿನಿಂದ ಚೂರು ತೆಗೆದು ಸುಮ್ನಾಗಬೇಡಿ, ವೆಲ್ಡ್ ಇನ್ನೂ ಕೆಟ್ಟಿರಬಹುದು. ವೈರ್ ಕಟ್ (ತಂತಿಯ ವಿದ್ಯುತ್ ಕಿಡಿಯಿಂದ ಕೊಯ್ಯುವುದು) ಮಾಡಿದ ಮೇಲೆ ಮೇಲಿನ ಕರಗಿ ಗಟ್ಟಿಯಾದ ಪದರ ಉಜ್ಜಿ ತೆಗೆಯಿರಿ. ಮಿಲ್ ಸರ್ಟಿಫಿಕೇಟ್ ಇದ್ದರೆ ಶೇಕಡಾ ಲೆಕ್ಕದಲ್ಲಿ ಸಿಲಿಕಾನ್, ಮ್ಯಾಂಗನೀಸ್ ಕೂಡಿಸಿ, ರಂಜಕ, ತವರದ ಮೊತ್ತದಿಂದ ಗುಣಿಸಿ, ಮತ್ತೆ 10,000ದಿಂದ ಗುಣಿಸಿ. ಅದೇ ಜೆ ಫ್ಯಾಕ್ಟರ್, ಉಕ್ಕು ಹೀಗೆ ಪೆಡಸಾಗುವ ಒಲವಿನ ಅಳತೆ. ಈಗಿನ ಉಕ್ಕಿಗೆ 100 ದಾಟಬಾರದು ಅಂತ ಕೇಳುತ್ತಾರೆ. ಹಳೇದು ಆರಾಮಾಗಿ ದಾಟಿರುತ್ತದೆ.

ಭೋಸರಿ ಹುಡುಗ:
ಥ್ಯಾಂಕ್ಸ್ ಮಾಮ, ಥ್ಯಾಂಕ್ಸ್ ಅಣ್ಣ. ಗಿರಾಕಿಗೆ ಫೋನ್ ಮಾಡಿದೆ. ಬ್ಲಾಕ್ ಒಂದು ಇದೆ, ಆದರೆ ಪ್ಲೇಟಿನದು ಮಾತ್ರ, ವೆಲ್ಡಿನದಿಲ್ಲ.

ಚೆಂಬೂರು ಮಾಮ:
ಸಾಕು. ಗುಣಕ ಅದರಿಂದ ಹಾಕು, ವೆಲ್ಡಿಗೆ ಕಾಯಿಸಿ ಹೋಲಿಸುವ ದಾರಿ ಹಿಡಿ. ರಿಪೋರ್ಟಿನಲ್ಲಿ ಎರಡನ್ನೂ ಬೇರೆ ಬೇರೆ ಬರಿ, ಕಲಸಬೇಡ.