ಮಾವನವರಿಗೆ ಟಿಬಿ, ಮನೆಯಲ್ಲಿ ಮೂರು ವರ್ಷದ ಮಗು: ಅನುಭವ ಇದ್ದವರು ಹೇಳಿ

ಹಾಸನದ ಸೊಸೆ: ಮಾವನವರ ಕಫದಲ್ಲಿ ಟಿಬಿ ಅಂತ ಗೊತ್ತಾಗಿ ಹತ್ತು ದಿನ, ಮಾತ್ರೆ ಶುರುವಾಗಿದೆ. ಮಗಳಿಗೆ ಮೂರು ವರ್ಷ, ತಾತನ ತೊಡೆ ಬಿಟ್ಟು ಇಳಿಯಲ್ಲ. ರೋಗ ಬರದೇ ಇರಲಿ ಅಂತ ಅವಳಿಗೂ ಆರು ತಿಂಗಳು ಮಾತ್ರೆ ಹಾಕಬೇಕು ಅಂತ ಆಶಾ ಅಕ್ಕ ಹೇಳ್ತಾರೆ. ಆಟ ಆಡಿಕೊಂಡಿರೋ ಮಗೂಗೆ ಔಷಧಿ ಯಾಕೆ ಅಂತ ಅತ್ತೆ ಹಟ. ಕೊಟ್ಟವರು, ಕೊಡದೇ ಇದ್ದವರು ಇಬ್ಬರೂ ಹೇಳಿ.

ತುಮಕೂರಿನವಳು: ಕೊಡದೇ ಇದ್ದವಳು ನಾನು. 2021ರಲ್ಲಿ ನಮ್ಮ ಭಾವನಿಗೆ ಬಂದಾಗ ಮಗನಿಗೆ ನಾಲ್ಕು. ಬಿಸಿಜಿ ಲಸಿಕೆ ಹಾಕಿಸಿದೆ, ತೋಳಲ್ಲಿ ಕಲೆ ಇದೆ, ಇನ್ನೇನು ಅಂತ ಧೈರ್ಯ. ಮಾತ್ರೆ ಪೊಟ್ಟಣ ಬೀರುವಿನ ಮೇಲೆ ಧೂಳು ಹಿಡೀತು. ಅದರ ಬದಲು ಮಾಡಿದ್ದೇನು ಗೊತ್ತಾ? ಭಾವನ ಲೋಟದ ತಳಕ್ಕೆ ಮೊಳೆಯಲ್ಲಿ ಗುರುತು ಗೀಚಿ ಬೇರೆ ಇಟ್ಟೆ. ಅವರು ಒಂದು ಮಾತೂ ಆಡದೆ ಅದರಲ್ಲೇ ಕಾಫಿ ಕುಡಿದರು. ಎಂಟು ತಿಂಗಳಿಗೆ ಮಗನ ಕುತ್ತಿಗೆಯಲ್ಲಿ ಹುಣಸೆಬೀಜದಷ್ಟು ಗಂಟು. ಖಾಸಗಿಯಲ್ಲಿ ಎರಡು ಸಲ ಆಂಟಿಬಯೋಟಿಕ್ ಸಿರಪ್ಪಿಗೆ 940, ಸ್ಕ್ಯಾನಿಂಗಿಗೆ 1,200, ಸೂಜಿ ಚುಚ್ಚಿ ತೆಗೆದಿದ್ದಕ್ಕೆ 1,800, ಅದು ಸಾಕಾಗಲಿಲ್ಲ ಅಂತ ಮತ್ತೆ 1,800. ಆಟೋ ಲೆಕ್ಕ ಬೇರೆ. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನಾಟ್ ಅನ್ನೋ ಟಿಬಿ ಪರೀಕ್ಷೆ ಪುಕ್ಕಟೆ ಮಾಡಿ ಟಿಬಿ ಅಂದರು. ಗಂಟು ಈಗಿಲ್ಲ. ಆ ಲೋಟ ಮಾತ್ರ ಅಟ್ಟದ ಮೇಲಿದೆ, ಎಸೆಯೋಕೂ ಕೈ ಬರ್ತಿಲ್ಲ.

ಧಾರವಾಡದ ಮಾಸ್ತರ: ಲೋಟದಿಂದ ಬರಂಗಿಲ್ರಿ ಅಕ್ಕಾರ, ಕೆಮ್ಮಿದ ಗಾಳಿಯಿಂದ ಬರ್ತದ. ಶ್ಯಾಣ್ಯಾರೇ ಹಿಂಗ ಮಾಡಿದ್ರ ಹೆಂಗ? ನನಗ 2013ರಾಗ ಬಂದಿತ್ತು. ಎರಡು ತಿಂಗಳಿಗೆ ಕೆಮ್ಮು ನಿಂತು, ತೂಕ ಏರಿತು. ಗುಳಿಗಿ ನುಂಗಿದ್ರ ವಾಂತಿ, ಉಚ್ಚಿ ಕಿತ್ತಳೆ ಬಣ್ಣ. ರಕ್ತಾನೇ ಹೊಂಟದ ಅಂತ ಹೆದರಿ ಬಿಟ್ಟಬಿಟ್ಟೆ. ಬಣ್ಣ ರಿಫಾಂಪಿಸಿನ್ ಅನ್ನೋ ಟಿಬಿ ಔಷಧದಿಂದ ಅಂತ ಒಬ್ಬರೂ ಮೊದಲ ಹೇಳಿದ್ದಿಲ್ಲ. ವರ್ಷದಾಗ ಮತ್ತ ಬಂತು, ಈ ಸಲ ಗುಳಿಗಿಗೆ ಬಗ್ಗಲಾರದ್ದು. 24 ತಿಂಗಳ ಔಷಧ. ಅದರಾಗ ಮೊದಲ ಆರು ತಿಂಗಳು ಐತವಾರ ಬಿಟ್ಟು ದಿನಾ ಕನಮೈಸಿನ್ ಇಂಜೆಕ್ಷನ್. ಕೂಡಲಿಕ್ಕೆ ಆಗ್ತಿದ್ದಿಲ್ಲ, ನಿಂತಗೊಂಡೇ ಪಾಠ ಮಾಡೀನಿ. ಅದರಿಂದ ಎಡಗಿವಿ ಹೋತು. ಈಗಿನವ್ರಿಗೆ ಆ ಇಂಜೆಕ್ಷನ್ ಇಲ್ಲದ ಆರು ತಿಂಗಳ ಕೋರ್ಸ್ ಬಂದದ, ಪುಣ್ಯವಂತರು.

ತುಮಕೂರಿನವಳು: ಮೇಷ್ಟ್ರೇ, ತಪ್ಪು ಅಂತ ನಾನೇ ಬರೆದಿದ್ದೀನಲ್ಲ. ಮಾತ್ರೆ ಅರ್ಧಕ್ಕೆ ಬಿಟ್ಟು ಊರೆಲ್ಲ ಕೆಮ್ಮಿದವರು ನನಗೆ ಪಾಠ ಹೇಳಬೇಡಿ.

ಧಾರವಾಡದ ಮಾಸ್ತರ: ಮನಿಮಂದಿ ಎಲ್ಲಾರದೂ ತಪಾಸಣೆ ಆಗೇದ, ಯಾರಿಗೂ ಬಂದಿಲ್ಲ. ಸುಮ್ನ ಮಾತಾಡಬ್ಯಾಡ್ರಿ.

ಹಸಿರುಮನೆ: ಇಬ್ಬರೂ ಜಗಳ ನಿಲ್ಲಿಸಿ. ಮಗುವಿಗೆ ಆಡುಸೋಗೆ ಕಷಾಯ ಕೊಡಿ, ಸಾಕು. ಆ ಕೆಮಿಕಲ್ ಮಾತ್ರೆ ಲಿವರ್ ತಿಂದುಹಾಕುತ್ತೆ. ನಮ್ಮಜ್ಜಿ ಇದರಲ್ಲೇ ಹತ್ತು ಮಕ್ಕಳನ್ನು ಸಾಕಿದರು.

ಕುಡ್ಲದ ಅಮ್ಮ: ನಿಮ್ಮಜ್ಜಿಯ ಹತ್ತು ಮಕ್ಕಳಿಗೆ ಕೆಮ್ಮು ಇತ್ತಾ, ಟಿಬಿ ಇತ್ತಾ ಮಾರಾಯ್ರೇ? ನಾನು ಮಗಳಿಗೆ ಕೊಟ್ಟವಳು. 180 ದಿನ, 180 ಜಗಳ. ಮೊದಲು ಎಕ್ಸ್‌ರೇ ತೆಗೆದು, ಮಗುವಿಗೇ ರೋಗ ಇಲ್ಲ ಅಂತ ನೋಡಿಕೊಂಡರು. ಇದ್ದರೆ ಒಂದು ಮಾತ್ರೆ ಸಾಲುವುದಿಲ್ಲ, ಪೂರ್ತಿ ಕೋರ್ಸೇ ಬೇಕು. ಆಮೇಲೆ ತೂಕ ನೋಡಿ ಐಸೋನಿಯಾಜಿಡ್ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ಚಮಚದ ಹಿಂಭಾಗದಿಂದ ಪುಡಿ ಮಾಡಿ ನೀರಲ್ಲಿ ಕಲಸುವುದು, ಅವಳು ನನ್ನ ನೈಟಿಗೆ ಉಗುಳುವುದು, ಮತ್ತೆ ಕಲಸುವುದು. ಕ್ಯಾಲೆಂಡರಿನಲ್ಲಿ ಗೀಟು ಹಾಕಿದ್ದೇನೆ, ಒಂದೂ ತಪ್ಪಲಿಲ್ಲ. ಲಿವರ್ ಭಯ ನನಗೂ ಇತ್ತು, ದಿನಾ ಕಣ್ಣು ಹಳದಿ ಉಂಟಾ ಅಂತ ಕಿಟಕಿ ಹತ್ತಿರ ನಿಲ್ಲಿಸಿ ನೋಡುತ್ತಿದ್ದೆ. ಎಂತದೂ ಆಗಲಿಲ್ಲ. ಬಿಸಿಜಿ ತಡೆಯುವುದು ಮಿದುಳಿಗೆ ಏರುವಂಥ ಜೋರು ಟಿಬಿಯನ್ನು, ಎಲ್ಲವನ್ನೂ ಅಲ್ಲ. ಹಾಸನದವರೇ, ಮಾವನದ್ದು ಮಾತ್ರೆಗೆ ಬಗ್ಗುವ ಜಾತಿಯಾ ಅಂತ ಕೇಳಿಕೊಳ್ಳಿ. ಅಲ್ಲವಾದರೆ ಮಗುವಿನ ಮಾತ್ರೆಯೂ ಬೇರೆ.

ನಿವೃತ್ತ ನರ್ಸಮ್ಮ: ತಾತನನ್ನು ಕೊಟ್ಟಿಗೆಗೆ ಹಾಕಬೇಡಿ. 1950ರ ದಶಕದ ಕೊನೆಯಲ್ಲೇ ಮದರಾಸಿನಲ್ಲಿ ಹೋಲಿಸಿ ನೋಡಿದ್ದಾರೆ: ಮನೆಯಲ್ಲೇ ಔಷಧಿ ತಗೊಂಡವರ ಮನೆಯವರಿಗೆ ಸ್ಯಾನಟೋರಿಯಂ (ಟಿಬಿ ಆಸ್ಪತ್ರೆ) ಸೇರಿದವರ ಮನೆಯವರಿಗಿಂತ ಹೆಚ್ಚೇನೂ ಅಂಟಲಿಲ್ಲ. ಕಿಟಕಿ ತೆಗೆದಿಡಿ, ಕೆಲವು ವಾರ ಅವರು ಮಾಸ್ಕ್ ಹಾಕಲಿ. ಊಟ ಗಟ್ಟಿ ಇರಲಿ. ಮಂಗಳೂರಿನ ಯೆನೆಪೋಯ ಕಾಲೇಜಿನ ಭಾರ್ಗವ ದಂಪತಿ ಜಾರ್ಖಂಡಿನಲ್ಲಿ ರೋಗಿಗಳ ಮನೆಯವರಿಗೂ ತಿಂಗಳಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟು ನೋಡಿದರು. ಮನೆಯವರಲ್ಲಿ ಟಿಬಿ ಸುಮಾರು 40% ಇಳಿಯಿತು, 2023ರಲ್ಲಿ ಪ್ರಕಟವಾಗಿದೆ. ದಿನಾ ಎರಡು ಮೊಟ್ಟೆ ಕೊಡಿ.

ಹಸಿರುಮನೆ: ಬಂತು ನೋಡಿ ಮೊಟ್ಟೆ! ಬೇಳೆ ಅಂತ ನೀವೇ ಹೇಳಿ ಮೊಟ್ಟೆಗೆ ಯಾಕೆ ಹಾರಿದಿರಿ?

ನಿವೃತ್ತ ನರ್ಸಮ್ಮ: ತಿನ್ನೋರು ತಿಂತಾರೆ. ನಿಮ್ಮ ತಟ್ಟೆಗೆ ಹಾಕಿದ್ನಾ?

ತುಮಕೂರಿನವಳು: ಮೊಟ್ಟೆಗೆ ದುಡ್ಡು? ಸರ್ಕಾರದ ಪೋಷಣೆ ಹಣ ಆಗ ತಿಂಗಳಿಗೆ 500, ಮಗನದು ಕೋರ್ಸ್ ಮುಗಿದ ಮೇಲೆ ಬಂತು.

ಧಾರವಾಡದ ಮಾಸ್ತರ: 2024ರ ನವೆಂಬರದಿಂದ 1000 ಆಗೇದ. ನನ್ನ ಕಾಲಕ್ಕ 500ನೂ ಇದ್ದಿದ್ದಿಲ್ಲ.

ತುಮಕೂರಿನವಳು: ಎಲ್ಲದಕ್ಕೂ ನಿಮ್ಮ ಕಾಲ.

ಹಾಸನದ ಸೊಸೆ: ನಾಳೆ ಎಕ್ಸ್‌ರೇಗೆ ಮಗೂನ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗಬೇಕಾ?

ಕುಡ್ಲದ ಅಮ್ಮ: ಬೇಡ, ತಿನ್ನಿಸಿಯೇ ಹೋಗಿ. ಸರ ತೆಗೆದಿಡಿ.

ಹಸಿರುಮನೆ: ಮೊಟ್ಟೆ ತಿನ್ನಿಸಬೇಡಿ.